ಕಂಪನಿ ಬಾಗಿಲು ಹಾಕಿದರೆ ಮನೆಯ ರೋಬಾಟ್ ಗತಿ ಏನು?

ಮಾವಿನಮರ, ಮೈಸೂರು

ಅಮ್ಮನ ಮನೆಯಲ್ಲಿ ಒಂದು ಗುಡಿಸುವ ರೋಬಾಟ್ ಇದೆ. ತಂದು ನಾಲ್ಕು ವರ್ಷ ಆಯಿತು. ಅಮ್ಮ ಅದಕ್ಕೆ ಗುಂಡ ಅಂತ ಹೆಸರಿಟ್ಟಿದ್ದಾರೆ. ಅವರಿಗೆ ಮಂಡಿನೋವು, ಬಗ್ಗಿ ಕಸ ಗುಡಿಸಲು ಆಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಗುಂಡ ತಾನಾಗಿ ಹೊರಡುತ್ತಿತ್ತು. ನಡುಮನೆ, ಊಟದ ಕೋಣೆ, ಹಿಂದಿನ ಕೋಣೆ ಎಲ್ಲ ಮುಗಿಸಿ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ದೇವರಮನೆಗೆ ಮಾತ್ರ ಹೋಗಬಾರದು ಅಂತ ಆ್ಯಪ್‌ನ ಮ್ಯಾಪ್ ಮೇಲೆ ನಾನೇ ಕೆಂಪು ಗೆರೆ ಎಳೆದಿದ್ದೆ. ಯಾಕೆಂದರೆ ಬಂದ ಮೊದಲ ವಾರವೇ ಅದು ಅಮ್ಮ ಹಾಕಿದ ರಂಗೋಲಿಯನ್ನು ಪೂರ್ತಿ ನುಂಗಿ ಹಾಕಿತ್ತು. ಡಬ್ಬಿ ಬಿಚ್ಚಿದರೆ ಒಳಗೆಲ್ಲ ಬಿಳಿ ಪುಡಿ.

ಕಳೆದ ತಿಂಗಳು ಆ ಕೆಂಪು ಗೆರೆ ಹೋಯಿತು. ಆ್ಯಪ್ ತೆರೆದರೆ ಚಕ್ರ ಸುತ್ತುತ್ತಾ ಇರುತ್ತದೆ, ಆಮೇಲೆ ಸರ್ವರ್ ಸಿಗುತ್ತಿಲ್ಲ ಅನ್ನುತ್ತದೆ. ಕಸ್ಟಮರ್ ಕೇರ್ ನಂಬರ್ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಕಂಪನಿ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ಸಣ್ಣ ಕಂಪನಿ, ಹೆಸರು ತಿಳಿದು ಯಾರಿಗೂ ಲಾಭ ಇಲ್ಲ. ನನ್ನ ಸಂಕಟ ಬೇರೆ. ಯಂತ್ರ ಕೆಟ್ಟಿಲ್ಲ. ಮೋಟರ್ ಚೆನ್ನಾಗಿದೆ, ಬ್ರಶ್ ಚೆನ್ನಾಗಿದೆ. ಮೇಲಿನ ಬಟನ್ ಒತ್ತಿದರೆ ಓಡುತ್ತದೆ. ಆದರೆ ಒಂಬತ್ತು ಗಂಟೆ ಅದಕ್ಕೆ ಗೊತ್ತಿಲ್ಲ, ದೇವರಮನೆ ಗೊತ್ತಿಲ್ಲ.

ಇದೇ ಹೊತ್ತಿಗೆ ರೂಂಬಾ ಅನ್ನುವ ಗುಡಿಸುವ ರೋಬಾಟ್ ಮಾಡುವ ಐರೋಬಾಟ್ ಕಂಪನಿಯ ಸುದ್ದಿ ಓದಿದೆ. ಮನೆ ಗುಡಿಸುವ ರೋಬಾಟ್ ಅಂದರೆ ಏನು ಅಂತ ಜಗತ್ತಿಗೆ ತೋರಿಸಿದ್ದೇ ಐರೋಬಾಟ್. 1990ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು ಸೇರಿ ಕಟ್ಟಿದ ಕಂಪನಿ. 2002ರಲ್ಲಿ ಮೊದಲ ರೂಂಬಾ ಬಂತು, ಬೆಲೆ 199 ಡಾಲರ್. 2022ರಲ್ಲಿ ಅಮೆಜಾನ್ 1.7 ಬಿಲಿಯನ್ ಡಾಲರ್‌ಗೆ ಕೊಳ್ಳುತ್ತೇನೆ ಅಂದಿತು. ಯುರೋಪಿನ ಸ್ಪರ್ಧಾ ನಿಯಂತ್ರಕರು ಒಪ್ಪುವ ಹಾಗೆ ಕಾಣಲಿಲ್ಲ, 2024ರ ಜನವರಿಯಲ್ಲಿ ಮಾತುಕತೆ ಮುರಿದುಬಿತ್ತು. 2025ರ ಡಿಸೆಂಬರ್‌ನಲ್ಲಿ ಐರೋಬಾಟ್ ದಿವಾಳಿ ಅರ್ಜಿ ಹಾಕಿತು. ಅದರ ರೋಬಾಟ್‌ಗಳನ್ನು ತಯಾರಿಸಿ ಕೊಡುತ್ತಿದ್ದ ಚೀನಾದ ಪಿಸಿಯಾ ಕಂಪನಿಯೇ ಅದನ್ನು ತೆಗೆದುಕೊಳ್ಳುವ ಒಪ್ಪಂದ ಆಯಿತು. ಆ್ಯಪ್ ನಿಲ್ಲುವುದಿಲ್ಲ ಅಂತ ಕಂಪನಿ ಹೇಳಿದೆ. ಹಾಗೇ ಆಗಲಿ. ಆದರೆ ಅಷ್ಟು ದೊಡ್ಡ ಕಂಪನಿಗೇ ಹೀಗೆ ಆದರೆ ಗುಂಡನಂಥವರ ಪಾಡೇನು?

ಕೇಳಬೇಕಾದ್ದು ಇಷ್ಟು. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರ ನಮ್ಮದಾ? ಗುಂಡನನ್ನು ಮತ್ತೆ ದಾರಿಗೆ ತರಲು ಯಾರಿಗಾದರೂ ಗೊತ್ತಿದೆಯಾ?


ಸ್ಕ್ರೂಡ್ರೈವರ್, ಬೆಂಗಳೂರು

ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಗುಂಡನ ಬುದ್ಧಿ ಹೆಚ್ಚಾಗಿ ಅದರ ಹೊಟ್ಟೆಯಲ್ಲೇ ಇದೆ, ಸರ್ವರ್‌ನಲ್ಲಿ ಅಲ್ಲ. ಮೇಲೆ ಸಣ್ಣ ಗೋಪುರದ ಹಾಗೆ ಉಬ್ಬಿದೆ ಅಲ್ವಾ? ಅದು ಲಿಡಾರ್. ಒಳಗೆ ಲೇಸರ್ ಗರಗರ ಸುತ್ತುತ್ತಾ ಗೋಡೆ ಎಷ್ಟು ದೂರ, ಕುರ್ಚಿ ಕಾಲು ಎಲ್ಲಿ ಅಂತ ಅಳೆಯುತ್ತಾ ಇರುತ್ತದೆ. ಆ ಲೆಕ್ಕದಿಂದ ನಕ್ಷೆ ಬರೆದುಕೊಳ್ಳುವುದು, ಆ ನಕ್ಷೆಯಲ್ಲಿ ತಾನು ಎಲ್ಲಿದ್ದೇನೆ ಅಂತ ಹುಡುಕಿಕೊಳ್ಳುವುದು, ಎರಡನ್ನೂ ಸಾಮಾನ್ಯವಾಗಿ ರೋಬಾಟೇ ಮಾಡುತ್ತದೆ. ಅದಕ್ಕೇ ನೆಟ್ ಇಲ್ಲದಿದ್ದರೂ ನೀಟಾಗಿ ಸಾಲು ಹಿಡಿದು ಗುಡಿಸುತ್ತದೆ.

ಸರ್ವರ್ ಬೇಕಾಗುವುದು ನಿಮ್ಮ ಫೋನ್ ಮತ್ತು ರೋಬಾಟ್ ಮಾತಾಡಲು. ಎರಡೂ ಒಂದೇ ಮನೆಯಲ್ಲಿ, ಒಂದೇ ವೈಫೈನಲ್ಲಿ ಇರುತ್ತವೆ. ಆದರೂ ಮಾತು ದೂರದ ಊರಿನ ಕಂಪ್ಯೂಟರ್‌ಗೆ ಹೋಗಿ ಬರಬೇಕು. ಪಕ್ಕದ ಕೋಣೆಯಲ್ಲಿರುವ ಮಗನನ್ನು ಊಟಕ್ಕೆ ಕರೆಯಲು ಬೇರೆ ದೇಶಕ್ಕೆ ಕಾಗದ ಹಾಕಿದ ಹಾಗೆ. ಯಂತ್ರಕ್ಕೆ ಈ ಸುತ್ತುದಾರಿ ಬೇಕೇ ಬೇಕು ಅಂತ ಏನಿಲ್ಲ. ಕಂಪನಿ ಹಾಗೆ ಕಟ್ಟಿದೆ, ಅಷ್ಟೇ.

ನೀಟೋ ಅಂತ ಒಂದು ಬ್ರ್ಯಾಂಡ್ ಇತ್ತು. ಇಂಗ್ಲಿಷಿನ ಡಿ ಅಕ್ಷರದ ಆಕಾರ, ಮೂಲೆ ಚೆನ್ನಾಗಿ ಗುಡಿಸುತ್ತಿತ್ತು. ಅದರ ಮಾಲೀಕ ಕಂಪನಿ, ಜರ್ಮನಿಯ ಫೋರ್‌ವೆರ್ಕ್, 2023ರಲ್ಲಿ ಅದನ್ನು ಮುಚ್ಚಿತು. ಐದು ವರ್ಷ ಕ್ಲೌಡ್, ಅಂದರೆ ಆ ದೂರದ ಸರ್ವರ್, ನಡೆಸುತ್ತೇವೆ ಅಂತ ಮಾತು ಕೊಟ್ಟಿದ್ದರು. 2025ರಲ್ಲೇ ನಿಲ್ಲಿಸುತ್ತೇವೆ ಅಂದರು. ಆ ರೋಬಾಟ್‌ಗಳ ಪಾಡು ಈಗ ನಿಮ್ಮ ಗುಂಡನ ಪಾಡೇ. ಬಟನ್ ಒತ್ತಿದರೆ ಓಡುತ್ತವೆ, ಅಷ್ಟೇ.

ನಿಮ್ಮದರ ತಳದಲ್ಲಿರುವ ಮಾಡೆಲ್ ಸ್ಟಿಕ್ಕರ್ ಫೋಟೋ ನನಗೆ ಮೆಸೇಜ್‌ನಲ್ಲಿ ಕಳಿಸಿ. ಸೀರಿಯಲ್ ನಂಬರ್ ಮುಚ್ಚಿ ಕಳಿಸಿ.


ತುಂತುರು, ಶಿವಮೊಗ್ಗ

ನಮ್ಮ ಮನೆಯದ್ದು ಏಳು ವರ್ಷದ ಹಳೆಯದು. ಆ್ಯಪ್ ಇಲ್ಲ, ಮ್ಯಾಪ್ ಇಲ್ಲ. ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ತಿರುಗುತ್ತದೆ, ಮತ್ತೆ ಹೋಗುತ್ತದೆ. ಒಮ್ಮೆ ಬ್ಯಾಟರಿ ಹಾಕಿಸಿದೆ. ಇವತ್ತಿಗೂ ಓಡುತ್ತಿದೆ.


ಸ್ಕ್ರೂಡ್ರೈವರ್, ಬೆಂಗಳೂರು

ತುಂತುರು ಹೇಳಿದ್ದು ದೊಡ್ಡ ಮಾತು. ಮೊದಲ ರೂಂಬಾ ಕೂಡ ಹಾಗೇ ಇತ್ತು. ಐರೋಬಾಟ್ ಕಟ್ಟಿದ ಮೂವರಲ್ಲಿ ಒಬ್ಬರಾದ ರಾಡ್ನಿ ಬ್ರೂಕ್ಸ್ ಅವರ ವಾದವೇ ಅದು. ರೋಬಾಟ್‌ಗೆ ಇಡೀ ಲೋಕದ ನಕ್ಷೆ ತಲೆಯಲ್ಲಿ ಬೇಕಿಲ್ಲ, ಹುಳುವಿನ ಹಾಗೆ ಎದುರಿಗೆ ಬಂದದ್ದಕ್ಕೆ ತಕ್ಷಣ ಸ್ಪಂದಿಸಿದರೆ ಸಾಕು ಅಂತ. ಸುರುಳಿ ಸುತ್ತು, ತಾಗಿದರೆ ತಿರುಗು, ಗೋಡೆ ಸಿಕ್ಕರೆ ಅದರ ಪಕ್ಕದಲ್ಲೇ ಹೋಗು. ಅಂಥ ಯಂತ್ರವನ್ನು ಯಾವ ಸರ್ವರ್ ಕೂಡ ಕೊಲ್ಲಲಾರದು.


ಹಳೇ ರೇಡಿಯೋ, ಧಾರವಾಡ

ನಾನು ನಲವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವನು. ಈ ಚರ್ಚೆ ಓದುವಾಗ ಜಪಾನಿನ ಐಬೋ ನೆನಪಾಯಿತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಐಬೋ ಸೋನಿಯವರ ರೋಬಾಟ್ ನಾಯಿ. 1999ರ ಜೂನ್‌ನಲ್ಲಿ ಮಾರಾಟಕ್ಕೆ ಬಂತು, ಬೆಲೆ 2,50,000 ಯೆನ್. ಜಪಾನಿಗೆ ಅಂತ ಇಟ್ಟಿದ್ದ 3,000 ನಾಯಿಗಳು 20 ನಿಮಿಷದಲ್ಲಿ ಖಾಲಿಯಾದವು. 2006ರಲ್ಲಿ ಸೋನಿ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 1,50,000 ಐಬೋ ಮನೆಮನೆಗೆ ಹೋಗಿದ್ದವು. 2014ರ ಮಾರ್ಚ್‌ನಲ್ಲಿ ರಿಪೇರಿಯನ್ನೂ ನಿಲ್ಲಿಸಿದರು. ಕಾಲಿನ ಕೀಲು ಸವೆದರೆ, ಕುತ್ತಿಗೆ ಮೋಟರ್ ಸುಟ್ಟರೆ, ಕೇಳುವವರೇ ಇಲ್ಲ.

ಆಗ ಮುಂದೆ ಬಂದದ್ದು ಎ-ಫನ್ ಅನ್ನುವ ಸಣ್ಣ ಕಂಪನಿ. ಅಲ್ಲಿರುವವರು ಸೋನಿಯ ಹಳೆಯ ಎಂಜಿನಿಯರ್‌ಗಳು. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ, ಹಾಗಾಗಿ ಪೂರ್ತಿ ನಿಂತುಹೋದ ಐಬೋಗಳನ್ನು ಮಾಲೀಕರಿಂದ ದಾನವಾಗಿ ಪಡೆದರು. ಅದರ ಕಾಲು ಇದಕ್ಕೆ, ಇದರ ಮೋಟರ್ ಅದಕ್ಕೆ. ಅಂಗದಾನ ಅಂತಲೇ ಅವರು ಅದನ್ನು ನೋಡುತ್ತಾರೆ. ಭಾಗ ಬಿಚ್ಚುವ ಮೊದಲು ಚಿಬಾ ಪ್ರಾಂತ್ಯದ ಇಸುಮಿ ಊರಿನ ಕೊಫುಕುಜಿ ಅನ್ನುವ ಬೌದ್ಧ ದೇವಾಲಯದಲ್ಲಿ ಆ ನಾಯಿಗಳಿಗೆ ಅಂತ್ಯಸಂಸ್ಕಾರ ಮಾಡುತ್ತಾರೆ. 2018ರ ಏಪ್ರಿಲ್‌ನಲ್ಲಿ ಒಂದೇ ದಿನ 114 ಐಬೋಗಳನ್ನು ಸಾಲಾಗಿ ಕೂರಿಸಿ ಊದುಬತ್ತಿ ಹಚ್ಚಿ ಸೂತ್ರ ಪಠಿಸಿದರು. ಎಲ್ಲಿಂದ ಬಂದದ್ದು, ಯಾವ ಮನೆಯದ್ದು ಅಂತ ಒಂದೊಂದರ ಮೇಲೂ ಚೀಟಿ ಕಟ್ಟಿತ್ತು.

ಆ ಫೋಟೋ ನೋಡಿದಾಗ ನನಗೆ ಗಂಟಲು ಕಟ್ಟಿತು. ನನ್ನ ಅಂಗಡಿಯಲ್ಲೂ ಹಾಗೆ ಗೋಣಿಚೀಲದಲ್ಲಿ ಸತ್ತ ರೇಡಿಯೋಗಳು ಇರುತ್ತಿದ್ದವು. ಒಂದರ ಸ್ಪೀಕರ್, ಇನ್ನೊಂದರ ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರ್. ಹಳ್ಳಿಯಿಂದ ಬಂದವರು ಸಂಜೆ ಬಸ್ಸಿಗೆ ಹಾಡುವ ರೇಡಿಯೋ ಹಿಡಿದು ಹೋಗುತ್ತಿದ್ದರು. ಹಳೆಯ ಐಬೋ ಇವತ್ತಿಗೂ ಬದುಕಿದ್ದರೆ ಅದಕ್ಕೆ ಕಾರಣ ಎರಡು. ಅದರ ಬುದ್ಧಿ ಒಂದು ಮೆಮೊರಿ ಸ್ಟಿಕ್‌ನಲ್ಲಿ ಅದರ ಮೈಯೊಳಗೇ ಇತ್ತು. ಮತ್ತೆ, ಸ್ಕ್ರೂ ಬಿಚ್ಚಿ ನೋಡುವ ಮನುಷ್ಯರು ಇದ್ದರು.


ಮಾವಿನಮರ, ಮೈಸೂರು

ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಅಂತ್ಯಸಂಸ್ಕಾರ ಒಂದು ಚೂರೂ ವಿಚಿತ್ರ ಅನ್ನಿಸಲಿಲ್ಲ. ಆಯುಧಪೂಜೆ ದಿನ ಗುಂಡನಿಗೂ ಕುಂಕುಮ ಇಟ್ಟು ಸೇವಂತಿಗೆ ಹೂವು ಇಟ್ಟಿದ್ದವರು ಅವರು.


ಇಬ್ಬನಿ, ಮಂಗಳೂರು

ನಾನು ಪ್ರೈಮರಿ ಶಾಲೆಯ ಟೀಚರ್. ನನಗೆ ಗುಡಿಸುವ ಯಂತ್ರಕ್ಕಿಂತ ಮಕ್ಕಳ ರೋಬಾಟ್‌ಗಳ ಚಿಂತೆ ಜಾಸ್ತಿ.

ಅಮೆರಿಕದಲ್ಲಿ ಮಾಕ್ಸಿ ಅಂತ ಒಂದು ರೋಬಾಟ್ ಇತ್ತು. ಎಂಬಾಡೀಡ್ ಅನ್ನುವ ಕಂಪನಿಯದ್ದು, 799 ಡಾಲರ್. 5ರಿಂದ 10 ವರ್ಷದ ಮಕ್ಕಳ ಜೊತೆ ಮಾತಾಡಲು, ಭಾವನೆ ಹೇಳಿಕೊಳ್ಳಲು ಕಲಿಸಲು ಮಾಡಿದ್ದು. ಆಟಿಸಂ ಇರುವ ಮಕ್ಕಳ ಮನೆಗಳಲ್ಲೂ ಇತ್ತು. ಅದರ ಮಾತೆಲ್ಲ ಕ್ಲೌಡ್‌ನಿಂದ ಬರುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಬರಬೇಕಿದ್ದ ಹೂಡಿಕೆ ಕೈತಪ್ಪಿತು, ಕಂಪನಿ ಮುಚ್ಚುತ್ತೇವೆ ಅಂದಿತು. ನಿಮ್ಮ ಮಗುವಿಗೆ ಇದನ್ನು ಹೇಗೆ ಹೇಳಬೇಕು ಅಂತ ತಂದೆತಾಯಿಗೆ ಒಂದು ಪತ್ರ ಬರೆದು ಕಳಿಸಿತು. ಅಳುವ ಮಕ್ಕಳ ವಿಡಿಯೋಗಳನ್ನು ನಾನು ಪೂರ್ತಿ ನೋಡಲಿಲ್ಲ, ಆಗಲಿಲ್ಲ.

ಅದಕ್ಕೂ ಮೊದಲು ಜೀಬೋ. ಎಂಐಟಿಯ ಸಿಂಥಿಯಾ ಬ್ರೆಝೀಲ್ ಅವರ ಕನಸು. 2014ರಲ್ಲಿ ಜನರಿಂದ ದುಡ್ಡು ಎತ್ತಿ ಶುರುವಾಯಿತು. 2017ರಲ್ಲಿ ಟೈಮ್ ಪತ್ರಿಕೆ ಆ ವರ್ಷದ ಒಳ್ಳೆಯ ಆವಿಷ್ಕಾರಗಳಲ್ಲಿ ಅದನ್ನೂ ಸೇರಿಸಿತು. 2019ರಲ್ಲಿ ಸರ್ವರ್ ಮುಚ್ಚುವ ಮೊದಲು ಜೀಬೋ ತಾನೇ ಬಾಯಿಬಿಟ್ಟು ವಿದಾಯ ಹೇಳಿತು. ಮುಂದೊಂದು ದಿನ ಎಲ್ಲರ ಮನೆಯಲ್ಲೂ ರೋಬಾಟ್ ಇದ್ದಾಗ ನಿಮ್ಮ ರೋಬಾಟ್‌ಗೆ ನನ್ನ ನಮಸ್ಕಾರ ಹೇಳಿ, ಅನ್ನುವ ಅರ್ಥದ ಮಾತು. ಆಮೇಲೆ ಕುಣಿಯಿತು.

ದೊಡ್ಡವರು ಇದನ್ನು ಕೇಳಿ ಮರೆಯಬಹುದು. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಮುರಿದ ಪೆನ್ಸಿಲ್ ಡಬ್ಬಿಯನ್ನೇ ಎರಡು ವರ್ಷ ಬಿಟ್ಟುಕೊಟ್ಟಿಲ್ಲ. ಮಗು ಸ್ನೇಹಿತ ಅಂತ ನಂಬುವ ವಸ್ತುವನ್ನು ಮಾರುವವರು, ಅದು ನಿಂತರೆ ಏನು ಅಂತ ಮಾರುವ ದಿನವೇ ಯೋಚಿಸಿರಬೇಕು.


ದೂರದೂರು, ಫ್ರೀಮಾಂಟ್

ಮಾಕ್ಸಿ ಕಥೆಗೆ ಒಂದು ಒಳ್ಳೆಯ ಬಾಲ ಇದೆ ಇಬ್ಬನಿಯವರೇ. ಕಂಪನಿಯವರು ಹೋಗುವ ಮೊದಲು ಓಪನ್‌ಮಾಕ್ಸಿ ಅಂತ ಒಂದು ಸಾಫ್ಟ್‌ವೇರ್ ಬಿಟ್ಟುಕೊಟ್ಟರು. ಕಂಪ್ಯೂಟರ್ ಗೊತ್ತಿರುವವರು ಮನೆಯಲ್ಲೇ ಸರ್ವರ್ ನಡೆಸಿ ಮಾಕ್ಸಿಯನ್ನು ಎಬ್ಬಿಸಬಹುದು. ಎಲ್ಲ ತಂದೆತಾಯಿಗೂ ಆಗುವ ಕೆಲಸ ಅಲ್ಲ, ನಿಜ. ಆದರೂ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆದು ಹೋಗಲಿಲ್ಲ.

ನನ್ನ ಕೈಗೆ ಇವತ್ತಿಗೂ ಪೆಬಲ್ ಅನ್ನುವ ಸ್ಮಾರ್ಟ್‌ವಾಚ್ ಕಟ್ಟುತ್ತೇನೆ. ಆ ಕಂಪನಿ 2016ರಲ್ಲೇ ಮುಚ್ಚಿತು, ಆಸ್ತಿ ಫಿಟ್‌ಬಿಟ್ ಅನ್ನುವ ಇನ್ನೊಂದು ಕಂಪನಿಯ ಕೈಗೆ ಹೋಯಿತು. 2018ರ ಜೂನ್ ಕೊನೆಗೆ ಸರ್ವರ್ ನಿಂತಿತು. ಅಷ್ಟರಲ್ಲಿ ಬಳಕೆದಾರರೇ ಸೇರಿ ರೆಬಲ್ ಅಂತ ಬದಲಿ ಸರ್ವರ್ ಕಟ್ಟಿದ್ದರು. ಆಮೇಲೆ ಫಿಟ್‌ಬಿಟ್ ಗೂಗಲ್ ಪಾಲಾಯಿತು, 2025ರ ಜನವರಿಯಲ್ಲಿ ಗೂಗಲ್ ಪೆಬಲ್‌ನ ಆಪರೇಟಿಂಗ್ ಸಿಸ್ಟಂ ಕೋಡನ್ನು ಯಾರು ಬೇಕಾದರೂ ಬಳಸುವ ಹಾಗೆ ಬಯಲಿಗಿಟ್ಟಿತು. ಪೆಬಲ್ ಶುರುಮಾಡಿದವರೇ ಈಗ ಮತ್ತೆ ಹೊಸ ವಾಚ್ ಮಾಡುತ್ತಿದ್ದಾರೆ. ಒಂಬತ್ತು ವರ್ಷದ ಮೇಲೆ ಒಂದು ವಸ್ತುವಿಗೆ ಮರುಜೀವ! ಇದಕ್ಕೆ ಉಲ್ಟಾ, ಹ್ಯೂಮೇನ್ ಅನ್ನುವ ಕಂಪನಿಯ, ಬಟ್ಟೆಗೆ ಸಿಕ್ಕಿಸಿಕೊಳ್ಳುವ ಎಐ ಪಿನ್ ನೋಡಿ. 699 ಡಾಲರ್, ಮೇಲೆ ತಿಂಗಳಿಗೆ 24. 2025ರ ಫೆಬ್ರವರಿಯಲ್ಲಿ ಎಚ್‌ಪಿ ಕೊಂಡಿತು, ಅದೇ ತಿಂಗಳ 28ಕ್ಕೆ ಪಿನ್ ಕೆಲಸ ನಿಲ್ಲಿಸಿತು. ಕೊಂಡವರಿಗೆ ಸಿಕ್ಕ ಸಮಯ ಹತ್ತು ದಿನ.


ಲೆಕ್ಕಪತ್ರ, ಹುಬ್ಬಳ್ಳಿ

ಇಲ್ಲಿ ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸರ್ವರ್ ಪುಕ್ಕಟೆ ಬರುವುದಿಲ್ಲ. ಕರೆಂಟ್, ಜಾಗ, ನೋಡಿಕೊಳ್ಳುವವರ ಸಂಬಳ, ತಿಂಗಳು ತಿಂಗಳು ಖರ್ಚು. ನಾವು ಒಮ್ಮೆ ಬೆಲೆ ಕೊಡುತ್ತೇವೆ, ಅದೂ ಎಲ್ಲಕ್ಕಿಂತ ಕಡಿಮೆ ಬೆಲೆಯದ್ದನ್ನೇ ಹುಡುಕಿ ಕೊಳ್ಳುತ್ತೇವೆ. ಆಮೇಲೆ ಹತ್ತು ವರ್ಷ ಸೇವೆ ಬೇಕು ಅನ್ನುತ್ತೇವೆ. ದುಡ್ಡು ಎಲ್ಲಿಂದ ಬರಬೇಕು?

ಹೊಸ ಐಬೋ ವಿಷಯ ಹಳೇ ರೇಡಿಯೋ ಅವರು ಹೇಳಲಿಲ್ಲ. ಅದು ಬಂದದ್ದು 2018ರ ಜನವರಿ 11ಕ್ಕೆ. ಒಂದು, ಒಂದು, ಒಂದು. ಇಂಗ್ಲಿಷಿನ ಒನ್ ಜಪಾನಿನವರ ಬಾಯಲ್ಲಿ ವಾನ್, ಅಲ್ಲಿ ನಾಯಿ ಬೊಗಳುವುದೂ ವಾನ್ ವಾನ್ ಅಂತ, ಅದಕ್ಕೇ ಆ ದಿನ. ಬೆಲೆ 1,98,000 ಯೆನ್. ಜೊತೆಗೆ ಮೂರು ವರ್ಷದ ಕ್ಲೌಡ್ ಸೇವೆಗೆ 90,000 ಯೆನ್ ಬೇರೆ. ನಾಯಿಯ ನೆನಪು ಉಳಿಯಬೇಕಾದರೆ ಇಷ್ಟು ಅಂತ ಮೊದಲೇ ಹೇಳಿದರು. ನನಗೆ ಅದು ಪ್ರಾಮಾಣಿಕ ವ್ಯವಹಾರ ಅನ್ನಿಸುತ್ತದೆ.


ಹಳೇ ರೇಡಿಯೋ, ಧಾರವಾಡ

ಲೆಕ್ಕ ಸರಿ. ಮೊದಲೇ ಹೇಳುವುದು ಒಳ್ಳೆಯದು, ಒಪ್ಪುತ್ತೇನೆ. ಆದರೆ ನಾನು ಹತ್ತು ವರ್ಷದ ಪುಕ್ಕಟೆ ಸೇವೆ ಕೇಳುತ್ತಿಲ್ಲ. ಹೋಗುವಾಗ ಕೀಲಿ ಕೊಟ್ಟು ಹೋಗಿ ಅನ್ನುತ್ತಿದ್ದೇನೆ. ನಮ್ಮ ಕಾಲದ ಟಿವಿಗಳ ಜೊತೆ ಸರ್ಕಿಟ್ ನಕ್ಷೆ ಬರುತ್ತಿತ್ತು. ಕಂಪನಿ ಇರಲಿ ಬಿಡಲಿ, ಆ ಕಾಗದ ಹಿಡಿದು ನಾನು ದಾರಿ ಹುಡುಕುತ್ತಿದ್ದೆ. ಕೀಲಿ ಕೊಡಲು ಎಷ್ಟು ಖರ್ಚು?


ಕಾವಲುಗಾರ, ಬೆಂಗಳೂರು

ಕ್ಲೌಡ್ ಸತ್ತರೆ ಒಂದು ತೊಂದರೆ, ಬದುಕಿದ್ದರೆ ಇನ್ನೊಂದು. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಎಕೊವ್ಯಾಕ್ಸ್ ಡೀಬಾಟ್ ಎಕ್ಸ್2 ಅನ್ನುವ ಗುಡಿಸುವ ರೋಬಾಟ್‌ಗಳನ್ನು ಯಾರೋ ದೂರದಿಂದ ವಶಪಡಿಸಿಕೊಂಡರು. ಮನೆಯವರ ಮುಂದೆ ಅವು ಕೆಟ್ಟ ಬೈಗುಳ ಕೂಗಿದವು. ಅವುಗಳಲ್ಲಿ ಕ್ಯಾಮೆರಾ ಇದೆ, ಮೈಕ್ ಇದೆ. 2025ರಲ್ಲಿ ಒಬ್ಬ ಎಂಜಿನಿಯರ್ ತನ್ನ ಐಲೈಫ್ ಎ11 ರೋಬಾಟ್ ಹೊರಗೆ ಮಾಹಿತಿ ಕಳಿಸುವುದನ್ನು ತಡೆದರು. ಸ್ವಲ್ಪ ದಿನದಲ್ಲಿ ಅದು ನಿಂತುಹೋಯಿತು. ಬಿಚ್ಚಿ ನೋಡಿದರೆ, ದೂರದಿಂದ ಬಂದ ನಿಲ್ಲು ಅನ್ನುವ ಆಜ್ಞೆಯ ಗುರುತು ಅದರ ದಾಖಲೆಯಲ್ಲಿ ಸಿಕ್ಕಿತು ಅಂತ ಅವರು ಬರೆದರು.

ವ್ಯಾಲೆಟೂಡೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಕೆಲವು ಮಾಡೆಲ್‌ಗಳಿಗೆ ಮಾತ್ರ. ಅದನ್ನು ರೋಬಾಟ್ ಒಳಗೇ ಹಾಕಿದರೆ ಮ್ಯಾಪ್, ಟೈಮರ್, ಗೆರೆ ಎಲ್ಲ ಮನೆಯ ವೈಫೈನಲ್ಲೇ ನಡೆಯುತ್ತದೆ. ಹೊರಗಿನ ಸರ್ವರ್ ಬೇಕಿಲ್ಲ. ಕೊಳ್ಳುವ ಮೊದಲೇ ಅದರ ಪಟ್ಟಿ ನೋಡಿ, ಪಟ್ಟಿಯಲ್ಲಿರುವುದನ್ನೇ ಕೊಳ್ಳಿ. ಕೊಂಡ ಮೇಲೆ ಹುಡುಕಿದರೆ ಹೆಚ್ಚಿನ ಸಲ ನಿರಾಸೆ.


ಕಾನೂನು ವಿದ್ಯಾರ್ಥಿ, ಕಲಬುರಗಿ

ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ವಸ್ತು, ವಾಹನ ಅಂತ ನಾಲ್ಕು ವಿಭಾಗ. ಕಂಪನಿಗಳು ಅಲ್ಲಿ ರಿಪೇರಿ ಮಾಹಿತಿ ಕೊಡಬೇಕು ಅನ್ನುವುದು ಉದ್ದೇಶ. ಒಳ್ಳೆಯ ಹೆಜ್ಜೆ, ಆದರೆ ಸ್ಕ್ರೂ ಮತ್ತು ಬಿಡಿಭಾಗದ ಹತ್ತಿರವೇ ನಿಲ್ಲುತ್ತದೆ. ಯುರೋಪಿನಲ್ಲಿ 2024ರಲ್ಲಿ ರಿಪೇರಿ ಹಕ್ಕಿನ ನಿರ್ದೇಶನ ಬಂತು. ಅಲ್ಲಿನ ಇನ್ನೊಂದು ಸೈಬರ್ ಸುರಕ್ಷತೆ ಕಾನೂನು 2027ರ ಡಿಸೆಂಬರ್‌ನಿಂದ ಪೂರ್ತಿ ಜಾರಿಗೆ ಬರುತ್ತದೆ. ನೆಟ್‌ಗೆ ಜೋಡಿಸುವ ವಸ್ತುವಿಗೆ ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡಬೇಕು ಅನ್ನುತ್ತದೆ. ಈ ವಸ್ತು ಯಾವ ದಿನದವರೆಗೆ ನಡೆಯುತ್ತದೆ ಅನ್ನುವುದನ್ನು ಔಷಧಿ ಮೇಲಿನ ಎಕ್ಸ್‌ಪೈರಿ ದಿನದ ಹಾಗೆ ಡಬ್ಬದ ಮೇಲೆ ಅಚ್ಚು ಹಾಕಿಸಬೇಕು. ನನಗೆ ಬೇಕಾದ ನಿಯಮ ಅದೊಂದೇ.

ಮಾವಿನಮರ ಅವರೇ, ಬಿಲ್ ಇದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಸುಮ್ನೆ ಹೋಗುವುದಿಲ್ಲ, ದಾಖಲೆ ಆದರೂ ಆಗುತ್ತದೆ.


ತುಂತುರು, ಶಿವಮೊಗ್ಗ

ಈಗ ಮನುಷ್ಯನ ಆಕಾರದ್ದೇ ಮನೆಗೆ ಬರುತ್ತಿದೆ. 2025ರ ಅಕ್ಟೋಬರ್‌ನಲ್ಲಿ 1ಎಕ್ಸ್ ಅನ್ನುವ ಕಂಪನಿ ನಿಯೋ ಅನ್ನುವ ರೋಬಾಟ್‌ಗೆ ಬುಕಿಂಗ್ ತೆರೆಯಿತು. 20,000 ಡಾಲರ್, ಇಲ್ಲವೇ ತಿಂಗಳಿಗೆ 499. ಅದಕ್ಕೆ ಗೊತ್ತಿಲ್ಲದ ಕೆಲಸ ಇದ್ದರೆ ಕಂಪನಿಯ ಮನುಷ್ಯನೊಬ್ಬ ದೂರದಲ್ಲಿ ಕೂತು ಅದರ ಕಣ್ಣಿನಿಂದ ನಮ್ಮ ಮನೆ ನೋಡುತ್ತಾ ಕೈ ಆಡಿಸುತ್ತಾನೆ. ಬಟ್ಟೆ ಮಡಚುವುದು ಒಳ್ಳೆಯದೇ. ಕಂಪನಿ ಮುಚ್ಚಿದ ಮಾರನೇ ದಿನ ಅದು ನಮ್ಮ ನಡುಮನೆಯಲ್ಲಿ ನಿಂತ ಬೊಂಬೆ ಆಗುತ್ತದಲ್ಲ ಅನ್ನುವುದು ನನ್ನ ಭಯ.


ಮಾವಿನಮರ, ಮೈಸೂರು

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಸ್ಕ್ರೂಡ್ರೈವರ್ ಅವರು ಮಾಡೆಲ್ ನೋಡಿ, ವ್ಯಾಲೆಟೂಡೊ ಇದಕ್ಕೆ ಆಗುವುದಿಲ್ಲ ಅಂದರು. ಬೇಜಾರಾಯಿತು. ಆದರೂ ಬಿಡಲಿಲ್ಲ, ಬೆಂಗಳೂರಿಗೆ ಹೋದಾಗ ಗುಂಡನನ್ನು ಬಟ್ಟೆಯಲ್ಲಿ ಸುತ್ತಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಒಯ್ದೆ. ಒಂದು ಚಿಕ್ಕ ಅಂಗಡಿ, ಇಬ್ಬರು ನಿಲ್ಲುವಷ್ಟು ಜಾಗ. ಅಂಗಡಿಯ ಹುಡುಗ ಹದಿನಾಲ್ಕು ಸ್ಕ್ರೂ ಬಿಚ್ಚಿ, ಒಂದೊಂದನ್ನೂ ಬಿಚ್ಚಿದ ಜಾಗದ ಆಕಾರದಲ್ಲೇ ಮ್ಯಾಗ್ನೆಟ್ ಹಾಳೆ ಮೇಲೆ ಇಟ್ಟ. ಲಿಡಾರ್ ಬೆಲ್ಟ್ ಸಡಿಲ ಇತ್ತು, ಬದಲಾಯಿಸಿದ. ಬ್ರಶ್‌ನ ಎರಡೂ ತುದಿಗೆ ಅಮ್ಮನ ಉದ್ದ ಕೂದಲು ದಾರದ ಉಂಡೆ ಹಾಗೆ ಸುತ್ತಿತ್ತು, ಬ್ಲೇಡಿನಿಂದ ಸೀಳಿ ತೆಗೆದ. ಬ್ಯಾಟರಿಯನ್ನು ಮೀಟರ್ ಹಿಡಿದು ನೋಡಿ, ಇದು ಇನ್ನೂ ಚೆನ್ನಾಗಿದೆ, ಹೊಸದು ಹಾಕಿಸಬೇಡಿ ಅಂದ. ಸರ್ವರ್ ಮಾತ್ರ ನನ್ನ ಕೈಲಿಲ್ಲ ಸಾರ್ ಅಂದ.

ಇನ್ನು ಉಳಿದದ್ದು ರಂಗೋಲಿ. ಇಂಥ ರೋಬಾಟ್ ಎರಡು ಸೆಂಟಿಮೀಟರ್‌ಗಿಂತ ಎತ್ತರ ಹತ್ತುವುದು ಕಷ್ಟ ಅಂತ ಅದೇ ಹುಡುಗ ಹೇಳಿದ್ದ. ಅಪ್ಪ ಮನೆ ಕಟ್ಟಿಸುವಾಗ ಎಡವುತ್ತೇವೆ ಅಂತ ದೇವರಮನೆಗೆ ಹೊಸ್ತಿಲು ಇಡಿಸಿರಲಿಲ್ಲ. ಮೊನ್ನೆ ಬಡಗಿಯನ್ನು ಕರೆಸಿ ಹಲಸಿನ ಮರದ್ದು ಒಂದು ಪಟ್ಟಿ ಹಾಕಿಸಿದೆ, ಒಂದೂವರೆ ಇಂಚು ಎತ್ತರ. ಅಮ್ಮ ಅದಕ್ಕೆ ಅರಿಶಿನ ಹಚ್ಚಿ, ಎರಡು ಎಳೆ ರಂಗೋಲಿ ಎಳೆದರು.

ಇವತ್ತು ಒಂಬತ್ತಕ್ಕೆ ಅಮ್ಮನೇ ಊರುಗೋಲಿನ ತುದಿಯಿಂದ ಬಟನ್ ಒತ್ತಿದರು. ಗುಂಡ ನಡುಮನೆ ಮುಗಿಸಿ ದೇವರಮನೆ ಕಡೆ ಹೋದ. ಹೊಸ್ತಿಲಿಗೆ ಮೂತಿ ತಾಗಿಸಿದ. ಒಂದು ಕ್ಷಣ ನಿಂತು, ತಿರುಗಿ ಊಟದ ಕೋಣೆಗೆ ಹೋದ.